ಪುಸ್ತಕಪಟ್ಟಿಯ ಟೇಬಲ್‌ಗಳು: ಡೇಟಾಬೇಸ್‌ನಿಂದ ನೇರ ಇನ್‌ಡಿಸೈನ್ ಪುಟಕ್ಕೆ

ಕನ್ನಡ ಪ್ರಕಾಶನವೊಂದರಲ್ಲಿ ಎಂಟುನೂರು ಶೀರ್ಷಿಕೆಗಳಿವೆ ಎಂದುಕೊಳ್ಳಿ. ವರ್ಷಕ್ಕೊಮ್ಮೆ ಪುಸ್ತಕಪಟ್ಟಿ ಅಚ್ಚಾಗಬೇಕು, ನವೆಂಬರ್‌ನಲ್ಲಿ ರಿಯಾಯಿತಿ ಪಟ್ಟಿ ಬೇಕು, ಗ್ರಂಥಾಲಯಗಳಿಗೆ ಕಳಿಸಲು ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಸಹಿತ ಇನ್ನೊಂದು ಪಟ್ಟಿ ಬೇಕು. ಹೆಚ್ಚಿನ ಕಡೆ ಹೋದ ವರ್ಷದ ಫೈಲನ್ನೇ ತೆರೆದು, ಬೆಲೆ ಬದಲಾದ ಕಡೆ ಬೆಲೆ ತಿದ್ದಿ, ಹೊಸ ಪುಸ್ತಕಕ್ಕೆ ಒಂದು ಸಾಲು ಸೇರಿಸಿ, ಮುಗಿದುಹೋದ ಪುಸ್ತಕದ ಸಾಲು ಅಳಿಸುತ್ತಾರೆ. ಎರಡು ಮೂರು ವರ್ಷ ಹೀಗೆ ನಡೆದರೆ ಬಿಲ್ಲಿಂಗ್‌ನಲ್ಲಿ ಒಂದು ಬೆಲೆ, ಪಟ್ಟಿಯಲ್ಲಿ ಇನ್ನೊಂದು ಬೆಲೆ ಆಗಿರುತ್ತದೆ. ಅಂಗಡಿಯವರು ಪಟ್ಟಿಯ ಬೆಲೆಗೇ ಕೊಡಿ ಎಂದು ಪಟ್ಟು ಹಿಡಿದರೆ ಅವರದು ತಪ್ಪಲ್ಲ.

ಇದಕ್ಕೆ ಪರಿಹಾರ ಒಂದು ಕಟ್ಟುನಿಟ್ಟಾದ ವಿಂಗಡಣೆ: ಮಾಹಿತಿಯೆಲ್ಲ ಡೇಟಾಬೇಸ್‌ನಲ್ಲಿ, ರೂಪವೆಲ್ಲ ಸ್ಟೈಲ್‌ಗಳಲ್ಲಿ, ಅಂದರೆ ಹೆಸರಿಟ್ಟು ಉಳಿಸಿದ ವಿನ್ಯಾಸದ ನಿಯಮಗಳಲ್ಲಿ. ಪುಟದ ಫೈಲಿನಲ್ಲಿ ಯಾರೂ ಒಂದಕ್ಷರವನ್ನೂ ಕೈಯಿಂದ ತಿದ್ದಬಾರದು. ಆ ಫೈಲನ್ನು ಯಾವಾಗ ಬೇಕಾದರೂ ಬಿಸಾಕಿ ಹೊಸದಾಗಿ ಕಟ್ಟುವಂತಿರಬೇಕು. ಕೆಳಗಿನ ವಿಧಾನ ಪುಟ ವಿನ್ಯಾಸದ ತಂತ್ರಾಂಶವಾದ ಅಡೋಬಿ ಇನ್‌ಡಿಸೈನ್‌ಗೆ ಬರೆದದ್ದು. ಡೇಟಾಬೇಸ್ ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ಆಕ್ಸೆಸ್ ಯಾವುದಾದರೂ ಆಗಬಹುದು.

ಯಾವ ದಾರಿ ಹಿಡಿಯಬೇಕು

ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಡೇಟಾ ಮರ್ಜ್, ಅಂದರೆ ಮಾಹಿತಿಯನ್ನು ಒಂದು ಮಾದರಿ ಚೌಕಟ್ಟಿಗೆ ತಾನಾಗಿ ತುಂಬುವ ಇನ್‌ಡಿಸೈನ್‌ನ ಸೌಲಭ್ಯ. ವಿಸಿಟಿಂಗ್ ಕಾರ್ಡ್, ಗುರುತಿನ ಚೀಟಿ, ಪುಟಕ್ಕೆ ನಾಲ್ಕು ಪುಸ್ತಕದಂತೆ ಮುಖಪುಟದ ಚಿತ್ರ ಸಹಿತ ತೋರಿಸುವ ಪಟ್ಟಿ, ಇಂಥವಕ್ಕೆ ಅದು ಸರಿ. ಆದರೆ ಅದು ಒಂದೊಂದು ದಾಖಲೆಗೂ ಇಡೀ ಚೌಕಟ್ಟನ್ನು ನಕಲು ಮಾಡುತ್ತದೆ. ಪುಟದಿಂದ ಪುಟಕ್ಕೆ ಹರಿಯುವ ಒಂದೇ ಟೇಬಲ್‌ಗೆ ಸಾಲಿನ ಮೇಲೆ ಸಾಲು ಸೇರಿಸುವುದು ಅದರಿಂದಾಗದು. ಬೆಲೆಪಟ್ಟಿಗೆ ಅದನ್ನು ಬಳಸಲು ಹೋದರೆ ಎಂಟುನೂರು ಪುಟ್ಟ ಟೇಬಲ್‌ಗಳು ಸಿಗುತ್ತವೆ.

ಎರಡನೆಯದು ಎಕ್ಸೆಲ್ ಫೈಲನ್ನು ‘ಪ್ಲೇಸ್’ ಮಾಡಿ ಲಿಂಕ್ ಇಟ್ಟುಕೊಳ್ಳುವುದು. ‘ಪ್ರಿಫರೆನ್ಸಸ್ → ಫೈಲ್ ಹ್ಯಾಂಡ್ಲಿಂಗ್’ನಲ್ಲಿ ಪಠ್ಯ ಮತ್ತು ಸ್ಪ್ರೆಡ್‌ಶೀಟ್‌ಗೆ ಲಿಂಕ್ ಮಾಡುವ ಆಯ್ಕೆ ಇದೆ. ಮೊದಲ ಸಲ ಚೆನ್ನಾಗಿ ಬರುತ್ತದೆ. ಲಿಂಕ್ ಅಪ್‌ಡೇಟ್ ಮಾಡಿದಾಗ ಇನ್‌ಡಿಸೈನ್‌ನಲ್ಲಿ ನೀವು ಮಾಡಿದ ಅಲಂಕಾರದ ಬಹುಪಾಲು ಹೋಗುತ್ತದೆ. ಐವತ್ತು ಸಾಲಿನ ಪಟ್ಟಿಗೆ ಸಹಿಸಬಹುದು, ಅದಕ್ಕಿಂತ ದೊಡ್ಡದಕ್ಕೆ ಬೇಡ.

ಟ್ಯಾಗ್‌ಗಳಿಂದ ಗುರುತು ಹಾಕಿದ ಎಕ್ಸ್‌ಎಂಎಲ್ ಫೈಲಿನ ಆಮದು ಶಕ್ತವಾದದ್ದೇ. ಆದರೆ ಒಂದು ಟ್ಯಾಗ್ ತಪ್ಪಿದರೂ ಎಲ್ಲಿ ತಪ್ಪಿತು ಎಂದು ಹುಡುಕುವುದು ಡಿಟಿಪಿ ಕೆಲಸದವರಿಗೆ ಸುಲಭವಲ್ಲ. ಈಸಿಕ್ಯಾಟಲಾಗ್‌ನಂಥ ಹಣ ಕೊಟ್ಟು ಕೊಳ್ಳುವ ಪ್ಲಗಿನ್‌ಗಳು ಸಾವಿರಾರು ವಸ್ತು, ಪ್ರತಿಯೊಂದಕ್ಕೂ ಚಿತ್ರ, ವಾರಕ್ಕೊಮ್ಮೆ ಬೆಲೆ ಬದಲಾವಣೆ ಇರುವ ಕಂಪನಿಗಳಿಗೆ ಒಪ್ಪುತ್ತವೆ.

ಪ್ರಕಾಶನದ ಮಟ್ಟಕ್ಕೆ ಸಾಕಾಗುವುದು, ಬಾಳಿಕೆ ಬರುವುದು ಈ ದಾರಿ: ಡೇಟಾಬೇಸ್‌ನಿಂದ ಟ್ಯಾಬ್ ಹಾಕಿ ಬೇರ್ಪಡಿಸಿದ ಸಾದಾ ಪಠ್ಯ ಹೊರತೆಗೆಯುವುದು, ನೂರು ನೂರೈವತ್ತು ಸಾಲಿನ ಒಂದು ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಅದನ್ನು ಟೇಬಲ್ ಮಾಡಿ ಸ್ಟೈಲ್ ಹಚ್ಚುವುದು. ಮಧ್ಯದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಯಾರು ಬೇಕಾದರೂ ಓದಬಹುದು. ತಪ್ಪು ಡೇಟಾದಲ್ಲಿದೆಯೋ ಪುಟದಲ್ಲಿದೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೊದಲು ಡೇಟಾ ಶುದ್ಧವಾಗಲಿ

ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಇಲ್ಲಿ ಅವಸರ ಮಾಡಿದವರು ಮುಂದೆ ಪ್ರತಿ ಮುದ್ರಣದಲ್ಲೂ ಅದರ ಸಾಲ ತೀರಿಸುತ್ತಾರೆ.

ಹಳೆಯ ಪಟ್ಟಿ ನುಡಿ ಅಥವಾ ಬರಹದ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಮಾನದಂಡ) ಅಲ್ಲದ ಫಾಂಟ್‌ನಲ್ಲಿದ್ದರೆ, ಫೈಲಿನೊಳಗಿರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಫಾಂಟ್ ಇದ್ದರೆ ಮಾತ್ರ ಕನ್ನಡದಂತೆ ಕಾಣುತ್ತವೆ. ಅವುಗಳನ್ನು ಅಕಾರಾದಿ ಜೋಡಿಸಲು, ಹುಡುಕಲು ಆಗದು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಆಮೇಲೆ ಈ ಮೂರನ್ನು ತಪ್ಪದೆ ಹುಡುಕಿ.

ಮೊದಲನೆಯದು ಅರ್ಕಾವೊತ್ತು. ‘ಸೂರ್ಯ’ ಎಂಬುದು ‘ಸೂಯರ್’ ಆಗಿ, ‘ವರ್ಷ’ ಎಂಬುದು ‘ವಷರ್’ ಆಗಿ ಬಂದಿರುತ್ತದೆ. ‘ರ್’ನಿಂದ ಕೊನೆಯಾಗುವ ಎಲ್ಲ ಪದಗಳ ಪಟ್ಟಿ ತೆಗೆಯಿರಿ. ಕಂಪ್ಯೂಟರ್, ಮಾಸ್ಟರ್‌ನಂಥವನ್ನು ಬಿಟ್ಟರೆ ಉಳಿದವು ಬಹುತೇಕ ಇಂಥ ತಪ್ಪುಗಳೇ.

ಎರಡನೆಯದು ಸೊನ್ನೆ. ಟೈಪ್ ಮಾಡುವವರು ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆಯನ್ನು ಒತ್ತಿರುತ್ತಾರೆ. ‘ಸಂಗೀತ’ ಮತ್ತು ‘ಸ೦ಗೀತ’ ಕಣ್ಣಿಗೆ ಒಂದೇ. ಯಂತ್ರಕ್ಕೆ ಎರಡನೆಯದು ಸ, ಸೊನ್ನೆ, ಗೀತ. ಹುಡುಕಿದರೆ ಸಿಗದು, ವಿಂಗಡಿಸಿದರೆ ಬೇರೆಲ್ಲೋ ಹೋಗಿ ಕೂರುತ್ತದೆ. ಕನ್ನಡ ಅಕ್ಷರದ ನಂತರ ನೇರವಾಗಿ ಕನ್ನಡ ಸೊನ್ನೆ ಬಂದಿರುವ ಜಾಗಗಳನ್ನೆಲ್ಲ ಒಂದೇ ಆಜ್ಞೆಯಲ್ಲಿ ಅನುಸ್ವಾರಕ್ಕೆ ಬದಲಿಸಬಹುದು.

ಮೂರನೆಯದು ಉಳಿದುಹೋದ ಇಂಗ್ಲಿಷ್ ಅಕ್ಷರ. ಶೀರ್ಷಿಕೆ ಮತ್ತು ಲೇಖಕರ ಅಂಕಣದಲ್ಲಿ ರೋಮನ್ ಅಕ್ಷರ ಇರುವ ದಾಖಲೆಗಳನ್ನು ಬೇರೆ ತೆಗೆದು ಒಂದೊಂದಾಗಿ ನೋಡಿ. ಪರಿವರ್ತಕ ಗುರುತಿಸದೆ ಬಿಟ್ಟ ಅಪರೂಪದ ಒತ್ತಕ್ಷರಗಳು ಅಲ್ಲಿ ಸಿಕ್ಕಿಬೀಳುತ್ತವೆ.

ಇದಾದ ಮೇಲೆ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಅಕ್ಷರಕ್ಕೆ ಎಲ್ಲೆಡೆ ಒಂದೇ ಬಗೆಯ ಸಂಕೇತವಿರುವ ರೂಪಕ್ಕೆ, ತನ್ನಿ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಎಂದು ಎರಡಾಗಿಯೂ ಬರೆಯಬಹುದು. ‘ಕೋ’ ಆದರೆ ಮೂರೂ ಆಗಬಹುದು. ಎರಡು ಕಡೆಯಿಂದ ಬಂದ ಡೇಟಾ ಸೇರಿಸಿದಾಗ ಒಬ್ಬರೇ ಲೇಖಕರು ಇಬ್ಬರಾಗುವುದು ಸಾಮಾನ್ಯವಾಗಿ ಇದರಿಂದಲೇ. ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ ಇದಕ್ಕೆ ಸಿದ್ಧ ಫಂಕ್ಷನ್ ಇದೆ. ಪೈಥಾನ್‌ನಲ್ಲೂ ಇದೆ.

ಐಎಸ್‌ಬಿಎನ್ ಅನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಇಡಿ. ಹದಿಮೂರು ಅಂಕಿಗಳ ಸಂಖ್ಯೆಯನ್ನು ಎಕ್ಸೆಲ್ ಸಂಕ್ಷಿಪ್ತ ಘಾತರೂಪದಲ್ಲಿ ತೋರಿಸುತ್ತದೆ. ಹಾಗೆ ತೋರಿಸುತ್ತಿರುವಾಗ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯ) ಆಗಿ ಸೇವ್ ಮಾಡಿದರೆ ತೆರೆಯ ಮೇಲೆ ಕಂಡದ್ದಷ್ಟೇ ಫೈಲಿಗೆ ಹೋಗುತ್ತದೆ, ಉಳಿದ ಅಂಕಿಗಳು ವಾಪಸ್ಸು ಬರುವುದಿಲ್ಲ. ‘1-2’ ಎಂಬ ಸಂಪುಟ ಸಂಖ್ಯೆ ದಿನಾಂಕವಾಗುವುದೂ ಅಲ್ಲೇ. ಆದ್ದರಿಂದ ಡೇಟಾಬೇಸ್ ಮತ್ತು ಇನ್‌ಡಿಸೈನ್ ನಡುವೆ ಎಕ್ಸೆಲ್ ತರಲೇಬೇಡಿ. ನೋಡಲು ಬೇಕಿದ್ದರೆ ಪ್ರತಿ ಮಾಡಿಕೊಂಡು ನೋಡಿ. ಐಎಸ್‌ಬಿಎನ್ ಸರಿಯೇ ಎಂದು ಪರೀಕ್ಷಿಸುವುದು ಸುಲಭ: ಎಡದಿಂದ ಮೊದಲನೆಯ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1, 3 ಎಂದು ಗುಣಿಸುತ್ತಾ ಹದಿಮೂರೂ ಅಂಕಿಗಳನ್ನು ಕೂಡಿ, ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಭಾರತದ ಪುಸ್ತಕಗಳಿಗೆ ಆರಂಭ 978-81 ಅಥವಾ 978-93 ಇರುತ್ತದೆ. ಹತ್ತಂಕಿಯ ಹಳೆಯ ಸಂಖ್ಯೆಗಳನ್ನು ಹಾಗೇ ಬಿಡದೆ ಹದಿಮೂರಕ್ಕೆ ಪರಿವರ್ತಿಸಿ ಇಟ್ಟುಕೊಳ್ಳಿ.

ಅಕಾರಾದಿ ಕ್ರಮ

ಕನ್ನಡದ ಪಟ್ಟಿ ಕನ್ನಡದ ಕ್ರಮದಲ್ಲೇ ಇರಬೇಕು. ಎಸ್‌ಕ್ಯೂಲೈಟ್ ತಾನಾಗಿ ಮಾಡುವ ವಿಂಗಡಣೆ ಬೈಟ್‌ಗಳ ಲೆಕ್ಕದ್ದು. ಯೂನಿಕೋಡ್‌ನಲ್ಲಿ ಳಕಾರವನ್ನು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲು ಇಟ್ಟಿದ್ದಾರೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಹೀಗಾಗಿ ಸಂಕೇತದ ಲೆಕ್ಕದಲ್ಲಿ ವಿಂಗಡಿಸಿದರೆ ಅಳಿಲು, ಅವಲಕ್ಕಿ, ಅಹಲ್ಯೆ ಎಂದು ಬರುತ್ತದೆ. ಬರಬೇಕಾದದ್ದು ಅವಲಕ್ಕಿ, ಅಹಲ್ಯೆ, ಅಳಿಲು. ಇನ್ನೊಂದು ತೊಡಕು ಝೀರೋ ವಿಡ್ತ್ ನಾನ್-ಜಾಯಿನರ್ ಎಂಬ ಕಾಣದ ಅಕ್ಷರ. ‘ಇನ್‌ಡಿಸೈನ್’ ಪದದ ಮೊದಲ ‘ನ್’ ಥರದ ಅರ್ಧಾಕ್ಷರದ ಮುಂದೆ ಒತ್ತು ಮೂಡದಂತೆ ತಡೆಯಲು ಅದನ್ನು ಹಾಕುತ್ತೇವೆ. ಅದರ ಸಂಕೇತ ಕನ್ನಡದ ಎಲ್ಲ ಅಕ್ಷರಗಳಿಗಿಂತ ದೊಡ್ಡದಾದ್ದರಿಂದ ಅದಿರುವ ಪದ ತನ್ನ ಗುಂಪಿನ ಕೊನೆಗೆ ಜಾರುತ್ತದೆ.

ಪೋಸ್ಟ್‌ಗ್ರೆಸ್ 10ರಿಂದ ಐಸಿಯು ಕೊಲೇಶನ್ (ಭಾಷೆವಾರು ವಿಂಗಡಣೆಯ ನಿಯಮ) ಬಳಸಬಹುದು. ಅದರಲ್ಲಿ ಕನ್ನಡದ್ದನ್ನು ಆರಿಸಿ, ಮೇಲಿನ ಮೂರು ಪದ ಹಾಕಿ ಪರೀಕ್ಷಿಸಿ. ಆ ಸೌಕರ್ಯ ಇಲ್ಲದ ಡೇಟಾಬೇಸ್ ಆದರೆ ‘ವಿಂಗಡಣೆ ಕೀಲಿ’ ಎಂಬ ಅಂಕಣವೊಂದನ್ನು ಸೇರಿಸಿ, ಪ್ರತಿ ಅಕ್ಷರಕ್ಕೂ ವರ್ಣಮಾಲೆಯ ಕ್ರಮಸಂಖ್ಯೆ ಕೊಟ್ಟು ಅದನ್ನು ಒಂದು ಚಿಕ್ಕ ಪ್ರೋಗ್ರಾಂನಿಂದ ತುಂಬಿಸಿ.

ಲೇಖಕರ ಹೆಸರಿಗೆ ಬೇರೆಯೇ ವಿಂಗಡಣೆ ಅಂಕಣ ಬೇಕು, ಇದನ್ನು ಯಾವ ಕೊಲೇಶನ್ನೂ ಮಾಡಿಕೊಡದು. ದ.ರಾ. ಬೇಂದ್ರೆ ಅವರು ದಕಾರದಲ್ಲಿ ಬರಬೇಕೋ ಬಕಾರದಲ್ಲೋ, ಡಿವಿಜಿ ಎಂದು ಹುಡುಕುವವರಿಗೆ ಎಲ್ಲಿ ಸಿಗಬೇಕು ಎಂಬುದು ಸಂಪಾದಕರ ತೀರ್ಮಾನ. ಒಮ್ಮೆ ತೀರ್ಮಾನಿಸಿ ಲೇಖಕರ ಟೇಬಲ್‌ನಲ್ಲಿ ಬರೆದಿಟ್ಟರೆ ಮತ್ತೆ ಆ ಚರ್ಚೆ ಏಳದು. ವಿಭಾಗಗಳಿಗೂ ಹಾಗೆಯೇ: ಕಾದಂಬರಿ, ಕಥೆ, ಕವನ, ನಾಟಕ, ವಿಮರ್ಶೆ, ಮಕ್ಕಳ ಸಾಹಿತ್ಯ ಯಾವ ಅನುಕ್ರಮದಲ್ಲಿ ಬರಬೇಕು ಎಂಬುದಕ್ಕೆ 10, 20, 30 ಎಂದು ಸಂಖ್ಯೆ ಕೊಡಿ. ನಡುವೆ ಹೊಸ ವಿಭಾಗ ತೂರಿಸಬೇಕಾದರೆ 15 ಖಾಲಿ ಇರುತ್ತದೆ.

ಹೊರತೆಗೆಯುವ ಫೈಲ್

ಪಟ್ಟಿಗೆಂದೇ ಡೇಟಾಬೇಸ್‌ನಲ್ಲಿ ಒಂದು ವ್ಯೂ, ಅಂದರೆ ಬೇಕಾದ ಮಾಹಿತಿಯನ್ನಷ್ಟೇ ಬೇಕಾದ ರೂಪದಲ್ಲಿ ಆಯ್ದು ತೋರಿಸುವ ವ್ಯವಸ್ಥೆ, ಮಾಡಿ. ಅದರ ಅಂಕಣಗಳು ಪುಟದ ಟೇಬಲ್‌ನಲ್ಲಿ ಇರುವ ಕ್ರಮದಲ್ಲೇ ಇರಲಿ: ಕೋಡ್, ಶೀರ್ಷಿಕೆ, ಲೇಖಕರು, ಪುಟ, ಐಎಸ್‌ಬಿಎನ್, ಬೆಲೆ. ಲಭ್ಯವಿಲ್ಲದ ಪುಸ್ತಕಗಳನ್ನು ಅಲ್ಲೇ ಸೋಸಿಬಿಡಿ. ಇಬ್ಬರು ಮೂವರು ಲೇಖಕರಿದ್ದರೆ ಅಲ್ಪವಿರಾಮ ಹಾಕಿ ಒಂದೇ ಕೋಶಕ್ಕೆ ಕೂಡಿಸುವುದೂ ಅಲ್ಲೇ. ರಿಯಾಯಿತಿ ಬೆಲೆಯ ಲೆಕ್ಕ, ಪೈಸೆ ಬಂದರೆ ರೂಪಾಯಿಗೆ ಹೇಗೆ ಸರಿಹೊಂದಿಸಬೇಕೆಂಬ ನಿಯಮ ಕೂಡ ವ್ಯೂನಲ್ಲೇ ಇರಲಿ. ಬಿಲ್ಲಿಂಗ್ ಕೂಡ ಅದೇ ನಿಯಮ ಓದಿದರೆ ಅಂಗಡಿಯಲ್ಲಿ ಒಂದು ರೂಪಾಯಿಯ ಜಗಳ ಬರುವುದಿಲ್ಲ.

ಕನ್ನಡ ಅಂಕಿಗಳು ಬೇಕಿದ್ದರೆ ಬೆಲೆಯನ್ನು ಡೇಟಾಬೇಸ್‌ನಲ್ಲಿ ಸಂಖ್ಯೆಯಾಗಿಯೇ ಇಟ್ಟು ಹೊರತೆಗೆಯುವಾಗ ಮಾತ್ರ ಬದಲಿಸಿ. ಸಾವಿರ ದಾಟಿದ ಬೆಲೆಗೆ ಅಲ್ಪವಿರಾಮ ಹಾಕುವುದೂ ಆಗಲೇ. ₹ ಚಿಹ್ನೆಯನ್ನು ಪ್ರತಿ ಸಾಲಿನಲ್ಲೂ ಹಾಕಬೇಡಿ, ಅಂಕಣದ ತಲೆಯಲ್ಲಿ ‘ಬೆಲೆ ₹’ ಎಂದಿದ್ದರೆ ಸಾಕು. ಈ ಚಿಹ್ನೆ ಯೂನಿಕೋಡ್‌ಗೆ ಸೇರಿದ್ದು 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟ್‌ಗಳಲ್ಲಿ ಆ ಜಾಗಕ್ಕೆ ಖಾಲಿ ಚೌಕ ಬರುತ್ತದೆ.

ಕೋಶದೊಳಗೆ ಟ್ಯಾಬ್ ಅಥವಾ ಎಂಟರ್ ಇದ್ದರೆ ಟೇಬಲ್ ಕೆಡುತ್ತದೆ: ಟ್ಯಾಬ್ ಇದ್ದ ಸಾಲಿನಲ್ಲಿ ಪುಟಸಂಖ್ಯೆಯ ಜಾಗದಲ್ಲಿ ಲೇಖಕರು, ಬೆಲೆಯ ಜಾಗದಲ್ಲಿ ಐಎಸ್‌ಬಿಎನ್. ಎಂಟರ್ ಇದ್ದ ಸಾಲು ಒಡೆದು ಎರಡಾಗುತ್ತದೆ. ವ್ಯೂನಲ್ಲೇ ಟ್ಯಾಬನ್ನು ಖಾಲಿಜಾಗಕ್ಕೂ, ಎಂಟರನ್ನು ಎರಡು ಉದ್ದಗೆರೆಗಳಂಥ ಬೇರೆಲ್ಲೂ ಬಾರದ ಗುರುತಿಗೂ ಬದಲಿಸಿ. ಉಪಶೀರ್ಷಿಕೆ ಎರಡನೆಯ ಸಾಲಿಗೆ ಬರಬೇಕಾದ ಕಡೆ ಸ್ಕ್ರಿಪ್ಟ್ ಆ ಗುರುತನ್ನು ಬಲವಂತದ ಸಾಲುಮುರಿತವಾಗಿ ಮಾಡಿಕೊಳ್ಳುತ್ತದೆ. ಇನಿಶಿಯಲ್‌ಗಳ ನಂತರದ ಖಾಲಿಜಾಗವನ್ನು ಮುರಿಯದ ಖಾಲಿಜಾಗವಾಗಿಸಿ. ಇಲ್ಲದಿದ್ದರೆ ‘ಕೆ.’ ಒಂದು ಸಾಲಿನಲ್ಲಿ ಉಳಿದು ಹೆಸರು ಮುಂದಿನ ಸಾಲಿಗೆ ಹೋಗುತ್ತದೆ, ಅದು ನೋಡಲು ಬಹಳ ಕೆಟ್ಟದಾಗಿರುತ್ತದೆ.

ಫೈಲ್ ಯೂನಿಕೋಡ್‌ನ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿರಲಿ, ವಿಭಾಗಕ್ಕೊಂದು ಫೈಲ್. ಫೈಲಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ಮುಂದೆ ವಿಭಾಗದ ಅನುಕ್ರಮ ಸಂಖ್ಯೆ. ವಿಭಾಗದ ಕನ್ನಡ ಹೆಸರು ಫೈಲಿನ ಮೊದಲ ಸಾಲಿನಲ್ಲಿ, ಅಂಕಣಗಳ ತಲೆಬರಹ ಎರಡನೆಯ ಸಾಲಿನಲ್ಲಿ, ಮೂರನೆಯದರಿಂದ ಪುಸ್ತಕಗಳು. ಕನ್ನಡದಲ್ಲೇ ಫೈಲಿಗೆ ಹೆಸರಿಟ್ಟರೆ ಇನ್‌ಡಿಸೈನ್ ಸ್ಕ್ರಿಪ್ಟ್‌ಗೆ ಅದು ಶೇಕಡಾ ಚಿಹ್ನೆಗಳ ಸರಮಾಲೆಯಾಗಿ ತಲುಪುತ್ತದೆ.

ಟೆಂಪ್ಲೇಟ್

ಪ್ರತಿ ಸಲ ಪಟ್ಟಿ ಕಟ್ಟಲು ಬಳಸುವ ಖಾಲಿ ಮಾದರಿ ಫೈಲೇ ಟೆಂಪ್ಲೇಟ್. ಎ4 ಪುಟ, ಎಡಬಲ 15 ಮಿ.ಮೀ. ಅಂಚು ಎಂದರೆ ಟೇಬಲ್‌ಗೆ 180 ಮಿ.ಮೀ. ಅಗಲ. ಅದನ್ನು ಕೋಡ್‌ಗೆ 14, ಶೀರ್ಷಿಕೆಗೆ 62, ಲೇಖಕರಿಗೆ 44, ಪುಟಕ್ಕೆ 12, ಐಎಸ್‌ಬಿಎನ್‌ಗೆ 32, ಬೆಲೆಗೆ 16 ಎಂದು ಹಂಚಬಹುದು. ಅಂಕಣಗಳ ಮೊತ್ತ ಚೌಕಟ್ಟಿನ ಅಗಲಕ್ಕಿಂತ ಹೆಚ್ಚಾದರೆ ಟೇಬಲ್ ಬಲಕ್ಕೆ ಚಾಚಿಕೊಳ್ಳುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ಮೊದಲು ಪ್ಯಾರಾಗ್ರಾಫ್ ಸ್ಟೈಲ್‌ಗಳು. ಪ್ರತಿಯೊಂದರಲ್ಲೂ ‘ಜಸ್ಟಿಫಿಕೇಶನ್’ ವಿಭಾಗಕ್ಕೆ ಹೋಗಿ, ಅಕ್ಷರಗಳನ್ನು ಸಾಲಾಗಿ ಜೋಡಿಸುವ ಕಂಪೋಸರ್ ಅನ್ನು ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಮಾಡಿ. ಇದನ್ನು ಮರೆತರೆ ಒತ್ತುಗಳು ಕೆಳಗೆ ಕೂರದೆ ಪಕ್ಕದಲ್ಲಿ ನಿಲ್ಲುತ್ತವೆ, ‘ಕ್ಷ’ ಬಿಡಿಬಿಡಿಯಾಗುತ್ತದೆ. ಫಾಂಟ್ ಕೆಟ್ಟಿದೆ ಎಂದು ಫಾಂಟ್ ಬದಲಿಸುತ್ತಾ ಕೂರುವವರು ಮೊದಲು ನೋಡಬೇಕಾದದ್ದು ಇದನ್ನು. ಹೈಫನೇಶನ್ ಆಫ್ ಇರಲಿ, ಎಡಕ್ಕೆ ಹೊಂದಿಸಿ. 62 ಮಿ.ಮೀ. ಅಂಕಣದಲ್ಲಿ ಎರಡೂ ಬದಿ ಸಮ ಮಾಡಿದರೆ ಪದಗಳ ನಡುವೆ ಕಂದಕಗಳು ಬೀಳುತ್ತವೆ.

ಕನ್ನಡಕ್ಕೆ ಸಾಲಿನ ಅಂತರ ಧಾರಾಳವಾಗಿರಬೇಕು. ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸು ಒಂದಕ್ಕೊಂದು ತಾಗಬಾರದು. 9.5 ಪಾಯಿಂಟ್ ಅಕ್ಷರಕ್ಕೆ 13 ಪಾಯಿಂಟ್ ಲೀಡಿಂಗ್ ಕೊಡಿ. 13 ಪಾಯಿಂಟ್ ಎಂದರೆ ಸುಮಾರು 4.6 ಮಿ.ಮೀ. ಕೋಶದ ಮೇಲೆ ಕೆಳಗೆ ಒಂದೊಂದು ಮಿ.ಮೀ. ಬಿಟ್ಟರೆ ಒಂದು ಸಾಲಿನ ಪುಸ್ತಕಕ್ಕೆ 6.6, ಎರಡು ಸಾಲಿನದಕ್ಕೆ 11.2 ಮಿ.ಮೀ. ಬೇಕು. ಪಠ್ಯದ ಎತ್ತರ 260 ಮಿ.ಮೀ., ತಲೆಬರಹಕ್ಕೆ 8 ಹೋದರೆ ಪುಟಕ್ಕೆ ಗರಿಷ್ಠ 38 ಪುಸ್ತಕ. ಉದ್ದ ಶೀರ್ಷಿಕೆಗಳು ಇದ್ದೇ ಇರುತ್ತವೆ, ಹಾಗಾಗಿ 32 ಎಂದು ಹಿಡಿಯಿರಿ. ಎಂಟುನೂರು ಪುಸ್ತಕಕ್ಕೆ 25 ಪುಟ. ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಗುಣಕದಲ್ಲಿರಬೇಕು, ಅಂದರೆ ಒಳಪುಟ 28. ಉಳಿದ ಮೂರಕ್ಕೆ ಆರ್ಡರ್ ಫಾರಂ, ಅಂಚೆ ವೆಚ್ಚದ ವಿವರ, ಬ್ಯಾಂಕ್ ಖಾತೆಯ ಮಾಹಿತಿ ಹೊಂದಿಸಿಕೊಳ್ಳಬಹುದು. ಈ ಲೆಕ್ಕ ಮೊದಲೇ ಮಾಡಿಟ್ಟರೆ ಮುದ್ರಣಾಲಯದವರಿಗೆ ಕಾಗದ ಹೇಳುವುದು ಸುಲಭ.

ನಂತರ ಸೆಲ್ (ಕೋಶದ) ಸ್ಟೈಲ್‌ಗಳು, ಅಂಕಣಕ್ಕೊಂದರಂತೆ. ಪ್ರತಿಯೊಂದರಲ್ಲೂ ಅದರ ಪ್ಯಾರಾಗ್ರಾಫ್ ಸ್ಟೈಲ್, ಒಳಅಂಚು, ಮತ್ತು ‘ಫಸ್ಟ್ ಬೇಸ್‌ಲೈನ್’ (ಕೋಶದ ಮೊದಲ ಸಾಲು ಎಷ್ಟು ಕೆಳಗೆ ಕೂರಬೇಕೆಂಬ ಆಯ್ಕೆ). ಈ ಕೊನೆಯದನ್ನು ‘ಅಸೆಂಟ್’ ಬದಲು ‘ಲೀಡಿಂಗ್’ ಮಾಡಿ. ಕನ್ನಡ ಫಾಂಟ್‌ನ ಎತ್ತರ ಮತ್ತು ಐಎಸ್‌ಬಿಎನ್‌ಗೆ ಬಳಸಿದ ಇಂಗ್ಲಿಷ್ ಫಾಂಟ್‌ನ ಎತ್ತರ ಬೇರೆ ಬೇರೆ. ‘ಅಸೆಂಟ್’ ಇದ್ದರೆ ಒಂದೇ ಸಾಲಿನ ಶೀರ್ಷಿಕೆಯೂ ಬೆಲೆಯೂ ಒಂದೇ ನೇರದಲ್ಲಿ ಕೂರುವುದಿಲ್ಲ. ಬೆಲೆಗೆ ಬಲಹೊಂದಿಕೆ ಮತ್ತು ಫಾಂಟ್‌ನಲ್ಲಿದ್ದರೆ ಸಮ ಅಗಲದ ಅಂಕಿಗಳು. ಪೈಸೆ ಸಹಿತ ಬೆಲೆ ಇದ್ದರೆ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ದಶಮಾಂಶ ಟ್ಯಾಬ್ ಇಟ್ಟು ಎಡಹೊಂದಿಕೆ ಮಾಡಿ. ಕೋಶದೊಳಗೆ ಟ್ಯಾಬ್ ಒತ್ತದೆಯೇ ಬಿಂದುಗಳು ಸಾಲಾಗಿ ನಿಲ್ಲುತ್ತವೆ.

ಕೊನೆಗೆ ಟೇಬಲ್ ಸ್ಟೈಲ್. ಗೆರೆಗಳು, ಸಾಲು ಬಿಟ್ಟು ಸಾಲಿಗೆ ತಿಳಿಬಣ್ಣ, ತಲೆಸಾಲಿನ ಸೆಲ್ ಸ್ಟೈಲ್ ಇಲ್ಲಿ. ಆದರೆ ಟೇಬಲ್ ಸ್ಟೈಲ್‌ಗೆ ತಲೆಸಾಲು, ಅಡಿಸಾಲು, ಒಡಲು, ಎಡ ಅಂಕಣ, ಬಲ ಅಂಕಣ ಇಷ್ಟೇ ಗೊತ್ತು. ನಡುವಿನ ಅಂಕಣಗಳಿಗೆ ಬೇರೆ ಸೆಲ್ ಸ್ಟೈಲ್ ಅದು ಹಚ್ಚದು. ಅಂಕಣದ ಅಗಲ, ಸಾಲಿನ ಎತ್ತರ ಎರಡೂ ಯಾವ ಸ್ಟೈಲ್‌ನಲ್ಲೂ ಉಳಿಯುವುದಿಲ್ಲ. ಸ್ಕ್ರಿಪ್ಟ್ ಬೇಕಾಗುವುದೇ ಈ ಕೊರತೆಗಳನ್ನು ತುಂಬಲು.

ಸ್ಟೈಲ್‌ಗಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ. ಕನ್ನಡದಲ್ಲಿಟ್ಟರೂ ನಡೆಯುತ್ತದೆ, ಆದರೆ ಸ್ಕ್ರಿಪ್ಟ್‌ನಲ್ಲಿ ಬರೆದ ಹೆಸರಿನಲ್ಲಿ ಕಾಣದ ನಾನ್-ಜಾಯಿನರ್ ಒಂದು ಹೆಚ್ಚುಕಡಿಮೆ ಆದರೂ ‘ಅಂಥ ಸ್ಟೈಲ್ ಇಲ್ಲ’ ಎಂದು ನಿಲ್ಲುತ್ತದೆ.

ಸ್ಕ್ರಿಪ್ಟ್ ಮಾಡಬೇಕಾದದ್ದು, ಇದೇ ಕ್ರಮದಲ್ಲಿ

ಜಾವಾಸ್ಕ್ರಿಪ್ಟ್ ಬರೆಯಬಲ್ಲವರು ಯಾರಾದರೂ ಇದನ್ನು ಒಂದೆರಡು ದಿನದಲ್ಲಿ ಬರೆದುಕೊಡಬಲ್ಲರು. ಅವರ ಕೈಗೆ ಈ ಕ್ರಮ ಕೊಡಿ.

ಟೆಂಪ್ಲೇಟ್‌ನಿಂದ ಹೊಸ ದಾಖಲೆ ತೆರೆಯಬೇಕು. ಫೈಲನ್ನು ತೆರೆಯುವ ಮೊದಲೇ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಬೇಕು, ತೆರೆದ ಮೇಲೆ ಹೇಳಿದರೆ ಕನ್ನಡವೆಲ್ಲ ಕಲಸುಮೇಲೋಗರ. ಪಠ್ಯವನ್ನು ‘ಬೇಸಿಕ್ ಪ್ಯಾರಾಗ್ರಾಫ್’ ಸ್ಟೈಲ್‌ನಲ್ಲೇ ಸುರಿಯಬೇಕು: ಬೇರೆ ಪ್ಯಾರಾಗ್ರಾಫ್ ಸ್ಟೈಲ್ ಮೊದಲೇ ಹತ್ತಿದ್ದರೆ ಸೆಲ್ ಸ್ಟೈಲ್ ತನ್ನೊಳಗಿನ ಪ್ಯಾರಾಗ್ರಾಫ್ ಸ್ಟೈಲನ್ನು ಅದರ ಮೇಲೆ ಹೇರುವುದಿಲ್ಲ. ಸೆಲ್ ಸ್ಟೈಲ್ ಹತ್ತಿದೆ, ಅಕ್ಷರ ಮಾತ್ರ ಬದಲಾಗಿಲ್ಲ ಎಂಬ ದೂರಿಗೆ ಕಾರಣ ಇದೇ.

ಆಮೇಲೆ ಟ್ಯಾಬ್ ಮತ್ತು ಪ್ಯಾರಾಗಳ ಆಧಾರದಲ್ಲಿ ಟೇಬಲ್‌ಗೆ ಪರಿವರ್ತನೆ, ಟೇಬಲ್ ಸ್ಟೈಲ್ ಹಚ್ಚುವುದು, ಮೊದಲ ಎರಡು ಸಾಲುಗಳನ್ನು ತಲೆಸಾಲು ಮಾಡುವುದು. ವಿಭಾಗದ ಹೆಸರನ್ನು ಟೇಬಲ್‌ನ ಹೊರಗೆ ಇಡದೆ ತಲೆಸಾಲಿನಲ್ಲೇ ಇಟ್ಟರೆ ಅದು ಹಿಂದಿನ ಪುಟದ ತಳದಲ್ಲಿ ಒಂಟಿಯಾಗಿ ಉಳಿಯುವ ಪ್ರಶ್ನೆಯೇ ಇಲ್ಲ. ಜೊತೆಗೆ ಪ್ರತಿ ಪುಟದ ತಲೆಯಲ್ಲೂ ‘ಕಾದಂಬರಿ’ ಎಂದು ಮರುಕಳಿಸುತ್ತದೆ, ಪಟ್ಟಿ ತಿರುವಿಹಾಕುವವರಿಗೆ ಅನುಕೂಲ.

ಅಂಕಣಗಳ ಅಗಲ ಹೊಂದಿಸಿ, ಒಡಲಿನ ಸಾಲುಗಳ ಎತ್ತರವನ್ನು ‘ಅಟ್ ಲೀಸ್ಟ್’ 6.6 ಮಿ.ಮೀ. ಮಾಡಿ, ಅಂಕಣವಾರು ಸೆಲ್ ಸ್ಟೈಲ್ ಹಚ್ಚಬೇಕು. ‘ಎಕ್ಸಾಕ್ಟ್ಲಿ’ ಎಂದು ಕೊಟ್ಟರೆ ಉದ್ದ ಶೀರ್ಷಿಕೆಯ ಎರಡನೆಯ ಸಾಲು ಮಾಯವಾಗಿ ಕೋಶದಲ್ಲಿ ಕೆಂಪು ಚುಕ್ಕೆ ಮಾತ್ರ ಉಳಿಯುತ್ತದೆ, ಅಚ್ಚಿನಲ್ಲಿ ಆ ಚುಕ್ಕೆಯೂ ಇರದು. ಸ್ಟೈಲನ್ನು ಒಂದೊಂದೇ ಕೋಶಕ್ಕೆ ಹಚ್ಚುತ್ತಾ ಹೋಗಬಾರದು. ಇಡೀ ಅಂಕಣದ ಕೋಶಗಳಿಗೆ ಒಂದೇ ಆಜ್ಞೆ ಕೊಡಬೇಕು. ಸ್ಕ್ರಿಪ್ಟ್ ಓಡುವಾಗ ತೆರೆ ಮರುಚಿತ್ರಿಸುವುದನ್ನು ನಿಲ್ಲಿಸಿ, ಇಡೀ ಸ್ಕ್ರಿಪ್ಟನ್ನು ಒಂದೇ ಅನ್‌ಡೂ ಹೆಜ್ಜೆಯಾಗಿಸಿ. ಇವು ಮೂರೂ ಸೇರಿದರೆ ವೇಗದಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ.

ವಿಭಾಗದ ಹೆಸರಿನ ಸಾಲಿನ ಕೋಶಗಳನ್ನು ಒಂದುಗೂಡಿಸುವ ಕೆಲಸ ಕಟ್ಟಕಡೆಗೆ. ಮೊದಲೇ ಒಂದುಗೂಡಿಸಿದರೆ ಅದು ಮೊದಲ ಅಂಕಣದ ಕೋಶವೆಂದೇ ಲೆಕ್ಕವಾಗಿ, ಕೋಡ್ ಅಂಕಣಕ್ಕೆ ಹಚ್ಚಿದ ಸ್ಟೈಲ್ ವಿಭಾಗದ ಹೆಸರಿಗೂ ತಗುಲುತ್ತದೆ.

ಎಲ್ಲ ವಿಭಾಗಗಳನ್ನೂ ಒಂದೇ ದೈತ್ಯ ಟೇಬಲ್ ಮಾಡುವ ಆಸೆ ಬೇಡ. ಸಾಲುಗಳು ಹೆಚ್ಚಿದಂತೆ ಇನ್‌ಡಿಸೈನ್ ಪ್ರತಿ ಸಣ್ಣ ಬದಲಾವಣೆಗೂ ಉದ್ದಕ್ಕೂ ಮರುಹೊಂದಿಸುತ್ತಾ ಏದುಸಿರು ಬಿಡುತ್ತದೆ. ವಿಭಾಗಕ್ಕೊಂದು ಟೇಬಲ್ ಇದ್ದರೆ ಕೆಲಸ ಹಗುರ.

ಪುಟ ಒಡೆಯುವಾಗ

‘ಪ್ರಿಫರೆನ್ಸಸ್ → ಟೈಪ್’ನಲ್ಲಿ ಸ್ಮಾರ್ಟ್ ಟೆಕ್ಸ್ಟ್ ರಿಫ್ಲೋ ಆನ್ ಮಾಡಿ, ಟೆಂಪ್ಲೇಟ್‌ನಲ್ಲಿ ಪ್ರೈಮರಿ ಟೆಕ್ಸ್ಟ್ ಫ್ರೇಮ್ (ಪಠ್ಯ ಪುಟದಿಂದ ಪುಟಕ್ಕೆ ಹರಿಯುವ ಮುಖ್ಯ ಚೌಕಟ್ಟು) ಇಟ್ಟರೆ ಬೇಕಾದಷ್ಟು ಪುಟಗಳು ತಾವಾಗಿ ಸೇರುತ್ತವೆ. ಖಾಲಿ ಪುಟ ಅಳಿಸುವ ಆಯ್ಕೆಯನ್ನೂ ಆನ್ ಮಾಡಿ.

ಇನ್‌ಡಿಸೈನ್‌ನಲ್ಲಿ ಒಂದು ಸಾಲು ಎರಡು ಪುಟಗಳಿಗೆ ಹರಿದುಹೋಗದು. ಬೆಲೆಪಟ್ಟಿಗೆ ಇದು ಒಳ್ಳೆಯದೇ. ಆದರೆ ಯಾರೋ ಶೀರ್ಷಿಕೆಯ ಜಾಗದಲ್ಲಿ ಇಡೀ ಬೆನ್ನುಡಿ ಅಂಟಿಸಿದ್ದರೆ ಆ ಸಾಲು ಪುಟಕ್ಕಿಂತ ಎತ್ತರವಾಗಿ, ಅಲ್ಲಿಂದ ಮುಂದಿನ ಪುಸ್ತಕಗಳೆಲ್ಲ ಕಾಣೆಯಾಗುತ್ತವೆ. ಪುಟಗಳು ಸೇರುತ್ತಲೇ ಇದ್ದು ಎಲ್ಲವೂ ಖಾಲಿ ಇದ್ದರೆ ಮೊದಲು ಈ ಅನುಮಾನ ಪಡಿ. ವ್ಯೂನಲ್ಲೇ ಶೀರ್ಷಿಕೆಯ ಉದ್ದಕ್ಕೆ ಮಿತಿ ಇಟ್ಟು, ಅದು ಮೀರಿದವನ್ನು ಬೇರೆ ಪಟ್ಟಿಯಲ್ಲಿ ತೋರಿಸಿ.

ಪ್ರತಿ ವಿಭಾಗದ ಮೊದಲ ಎರಡು ಪುಸ್ತಕಗಳ ಸಾಲಿಗೂ, ಕೊನೆಯಿಂದ ಎರಡನೆಯದಕ್ಕೂ ‘ಕೀಪ್ ವಿತ್ ನೆಕ್ಸ್ಟ್ ರೋ’ ಹಾಕಿಸಿ. ಆಗ ತಲೆಬರಹದ ಕೆಳಗೆ ಕನಿಷ್ಠ ಮೂರು ಪುಸ್ತಕ ಇರುತ್ತವೆ, ಕೊನೆಯ ಪುಸ್ತಕ ಒಂಟಿಯಾಗಿ ಮುಂದಿನ ಪುಟಕ್ಕೆ ಹೋಗುವುದಿಲ್ಲ. ಎಲ್ಲ ಸಾಲುಗಳಿಗೂ ಹಾಕಿದರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ಮುಖಪುಟ, ಸಂಪಾದಕರ ಮಾತು, ಆರ್ಡರ್ ಫಾರಂ ಇವು ಬೇರೆ ಫೈಲ್‌ಗಳಾಗಿರಲಿ. ಇನ್‌ಡಿಸೈನ್‌ನ ‘ಬುಕ್’ ಸೌಲಭ್ಯದಲ್ಲಿ ಎಲ್ಲವನ್ನೂ ಪೋಣಿಸಿ ಪುಟಸಂಖ್ಯೆ ಒಟ್ಟಿಗೆ ಕೊಡಬಹುದು. ಪಟ್ಟಿಯ ಭಾಗವನ್ನು ಮಾತ್ರ ಬಿಸಾಕಿ ಮತ್ತೆ ಕಟ್ಟಿದರೂ ಕೈಯಿಂದ ವಿನ್ಯಾಸ ಮಾಡಿದ ಪುಟಗಳಿಗೆ ಏನೂ ಆಗದು.

ತಾಳೆ ನೋಡುವುದು

ಎಂಟುನೂರು ಸಾಲುಗಳ ಪ್ರೂಫ್‌ನಲ್ಲಿ ಬಿಟ್ಟುಹೋದ ಒಂದು ಸಾಲನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ, ಯಂತ್ರಕ್ಕೆ ಬಿಡಿ. ಸ್ಕ್ರಿಪ್ಟ್ ಮುಗಿಯುವ ಮೊದಲು ಪುಟದ ಟೇಬಲ್‌ಗಳನ್ನೇ ಮತ್ತೆ ಓದಿ, ಒಟ್ಟು ಎಷ್ಟು ಪುಸ್ತಕ, ಬೆಲೆಗಳ ಒಟ್ಟು ಮೊತ್ತ ಎಷ್ಟು, ಪುಟಗಳ ಒಟ್ಟು ಮೊತ್ತ ಎಷ್ಟು ಎಂದು ಹೇಳಬೇಕು. ಇದೇ ಮೂರು ಸಂಖ್ಯೆಗಳನ್ನು ಡೇಟಾಬೇಸ್‌ನಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿ. ಪುಸ್ತಕಗಳ ಸಂಖ್ಯೆ ಸರಿಯಿದ್ದು ಬೆಲೆಯ ಮೊತ್ತ ತಪ್ಪಿದರೆ ಎಲ್ಲೋ ಅಂಕಣ ಸರಿದಿದೆ. ಕನ್ನಡ ಅಂಕಿ ಅಥವಾ ಅಲ್ಪವಿರಾಮ ಇದ್ದರೆ ಕೂಡುವ ಮೊದಲು ಅವನ್ನು ಸಾದಾ ಸಂಖ್ಯೆ ಮಾಡಿಕೊಳ್ಳಬೇಕು.

ಅಚ್ಚಿಗೆ ಮೊದಲು ತಪ್ಪು ಹುಡುಕುವ ಪ್ರಿಫ್ಲೈಟ್ ಪ್ರೊಫೈಲ್‌ನಲ್ಲಿ ಓವರ್‌ಸೆಟ್ (ಜಾಗ ಸಾಲದೆ ಕಾಣದಾದ) ಪಠ್ಯ, ಕಾಣೆಯಾದ ಫಾಂಟ್, ಕಾಣೆಯಾದ ಗ್ಲಿಫ್ (ಫಾಂಟ್‌ನಲ್ಲಿ ಇಲ್ಲದ ಅಕ್ಷರರೂಪ) ಮೂರನ್ನೂ ಆನ್ ಮಾಡಿ. ಕೆಲವು ಕನ್ನಡ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳೇ ಇರುವುದಿಲ್ಲ. ಶೀರ್ಷಿಕೆಯ ನಡುವೆ ಬರುವ ಇಂಗ್ಲಿಷ್ ಪದಕ್ಕೆ ಬೇರೆ ಫಾಂಟ್ ಬೇಕಾದರೆ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲೇ ಗ್ರೆಪ್ ಸ್ಟೈಲ್ ಬರೆದು, ರೋಮನ್ ಅಕ್ಷರಗಳಿಗೆ ತಾನಾಗಿ ಕ್ಯಾರೆಕ್ಟರ್ ಸ್ಟೈಲ್ ಹತ್ತುವಂತೆ ಮಾಡಿ.

ಇದಾದ ಮೇಲೆ ಮನುಷ್ಯರ ಪ್ರೂಫ್. ಓದುವವರ ಕೈಗೆ ಪಿಡಿಎಫ್ ಮಾತ್ರ ಕೊಡಿ, ಇನ್‌ಡಿಸೈನ್ ಫೈಲ್ ಕೊಡಬೇಡಿ. ಅವರು ಗುರುತಿಸಿದ ಪ್ರತಿ ತಪ್ಪನ್ನೂ ಪುಸ್ತಕದ ಕೋಡ್ ಹಿಡಿದು ಡೇಟಾಬೇಸ್‌ನಲ್ಲಿ ತಿದ್ದಿ, ಮತ್ತೆ ಹೊರತೆಗೆದು, ಮತ್ತೆ ಕಟ್ಟಿ. ಕೋಡ್ ಅಂಕಣ ಓದುಗರಿಗೆ ಬೇಡವೆನಿಸಿದರೂ ಪ್ರೂಫ್ ಹಂತದಲ್ಲಿ ಅದು ಇರಲೇಬೇಕು, ಒಂದೇ ಹೆಸರಿನ ಎರಡು ಪುಸ್ತಕಗಳಿದ್ದಾಗ ಯಾವುದನ್ನು ತಿದ್ದಬೇಕೆಂದು ತಿಳಿಯುವುದು ಅದರಿಂದಲೇ.

ಮುದ್ರಣಾಲಯಕ್ಕೆ ಹೊರಡುವ ಗಳಿಗೆಯಲ್ಲಿ ‘ಒಂದೇ ಒಂದು ಬೆಲೆ ಬದಲಾಗಿದೆ, ಪುಟದಲ್ಲೇ ತಿದ್ದಿಬಿಡಿ’ ಎಂದು ಫೋನ್ ಬರುತ್ತದೆ. ಆಗಲೂ ಡೇಟಾಬೇಸ್‌ನಲ್ಲೇ ತಿದ್ದಿ ಹೊಸದಾಗಿ ಕಟ್ಟಿ, ಮೂರು ಮೊತ್ತಗಳನ್ನು ಮತ್ತೆ ತಾಳೆ ನೋಡಿ ಕಳಿಸಿ. ಕಳಿಸಿದ ದಿನದ ಪಠ್ಯದ ಫೈಲ್‌ಗಳು, ಟೆಂಪ್ಲೇಟ್, ಸ್ಕ್ರಿಪ್ಟ್, ಬಳಸಿದ ಫಾಂಟ್‌ಗಳು ಮತ್ತು ಪಿಡಿಎಫ್ ಇವನ್ನು ದಿನಾಂಕ ಹಾಕಿದ ಒಂದು ಫೋಲ್ಡರ್‌ನಲ್ಲಿ ಎತ್ತಿಡಿ. ಆರು ತಿಂಗಳ ನಂತರ ಏಜೆಂಟರೊಬ್ಬರು ಹಳೆಯ ಪಟ್ಟಿ ಹಿಡಿದು ಬೆಲೆ ಕೇಳಿದಾಗ, ಅಂದು ಅಚ್ಚಾದದ್ದು ಏನೆಂದು ಆ ಫೋಲ್ಡರ್ ತೆರೆದು ಹೇಳಬಹುದು.